ಈಜು ಅಷ್ಟಕ್ಕಷ್ಟೇ, ಎಂಟು ತಿಂಗಳಲ್ಲಿ ಕಯಾಕ್ ಕಲಿತು ರೇಸಿಗೆ ಇಳಿಯಬಹುದಾ?

ಪ್ರಶ್ನೆ: ನಾನು ಮೈಸೂರಿನವನು. ಆರು ವರ್ಷದಿಂದ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿದ್ದೇನೆ. ವಯಸ್ಸು 38. ಎರಡು ಮ್ಯಾರಥಾನ್ ಓಡಿದ್ದೇನೆ, ವಾರಕ್ಕೆ 150 ಕಿ.ಮೀ. ಸೈಕಲ್ ಹೊಡೆಯುತ್ತೇನೆ. ಮುಂದಿನ ಫೆಬ್ರವರಿಯ ಕೋಸ್ಟ್ ಟು ಕೋಸ್ಟ್ ರೇಸನ್ನು ಎರಡು ದಿನದ ವಿಭಾಗದಲ್ಲಿ ಒಬ್ಬನೇ ಮುಗಿಸಬೇಕು ಅಂತ ಆಸೆ. ಆದರೆ ಇವತ್ತಿನವರೆಗೆ ಕಯಾಕ್‌ನಲ್ಲಿ ಕೂತವನಲ್ಲ. ಈಜು ಬರುತ್ತದೆ, ಅಂದರೆ ಕೊಳದಲ್ಲಿ ಎರಡು ಸುತ್ತು, ಆಮೇಲೆ ಗೋಡೆ ಹಿಡ್ಕೊಳ್ಳಬೇಕು. ಆಫೀಸಿನ ಗೆಳೆಯ ತನ್ನ ಹಳೇ ರೇಸ್ ಬೋಟನ್ನು ಅರ್ಧ ಬೆಲೆಗೆ ಕೊಡ್ತೀನಿ ಅಂತಾನೆ. ‘ಮೊದಲೇ ವೇಗದ ಬೋಟ್ ತಗೋ, ನಾಲ್ಕು ಸಲ ಬೀಳ್ತೀಯ, ಆಮೇಲೆ ತಾನಾಗೇ ರೂಢಿ ಆಗುತ್ತೆ’ ಅನ್ನೋದು ಅವನ ಮಾತು. ಇನ್ನೊಬ್ಬರು ‘ರೋಲ್ ಬಾರದೆ ನದಿಗೆ ಇಳೀಲೇಬೇಡ’ ಅಂತ ಹೆದರಿಸಿದ್ದಾರೆ. ನನಗೆ ನಿಜವಾದ ಭಯ ಇರೋದು, ಬೋಟ್‌ನೊಳಗೆ ನೀರು ನುಗ್ಗದ ಹಾಗೆ ಕೂರುವ ತೂತನ್ನು ಮುಚ್ಚಿ ಸೊಂಟಕ್ಕೆ ಕಟ್ಟುವ ಆ ಸ್ಕರ್ಟ್ ಬಗ್ಗೆ. ಬೋಟ್ ಮಗುಚಿದಾಗ ಅದರೊಳಗೇ ಸಿಕ್ಕಿಹಾಕ್ಕೊಂಡರೆ? ನನ್ನ ಹೆಂಡತಿಯಂತೂ ‘ಈಜೇ ಸರಿಯಾಗಿ ಬರಲ್ಲ, ದೋಣಿ ಯಾಕೆ?’ ಅಂತ ದಿನಾ ಕೇಳ್ತಾಳೆ. ದಸರಾ ಹೊತ್ತಿಗೆ ಮೂರು ವಾರ ಊರಿಗೆ ಬರುತ್ತೇನೆ. ಅಲ್ಲಿ ಏನಾದರೂ ಅಭ್ಯಾಸ ಮಾಡಬಹುದಾ? ಇನ್ನೊಂದು, ನಾನು ಕನ್ನಡಕ ಹಾಕುತ್ತೇನೆ.

ಉತ್ತರ: ನಿಮ್ಮ ಹೆಂಡತಿಯ ಪ್ರಶ್ನೆಯೇ ಇಡೀ ಪತ್ರದಲ್ಲಿ ಸರಿಯಾದ ಪ್ರಶ್ನೆ. ಅದಕ್ಕೇ ಮೊದಲು ಬರುತ್ತೇನೆ. ಅದಕ್ಕೂ ಮುಂಚೆ, ಈ ರೇಸ್ ಗೊತ್ತಿಲ್ಲದ ಓದುಗರಿಗೆ ಎರಡು ಮಾತು.

ಕೋಸ್ಟ್ ಟು ಕೋಸ್ಟ್ ಅಂದರೆ ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ಪಶ್ಚಿಮದ ಕಡಲಿನಿಂದ ಪೂರ್ವದ ಕಡಲಿಗೆ ಅಡ್ಡ ದಾಟುವುದು. ಕುಮಾರಾ ಬೀಚ್‌ನಿಂದ ಕ್ರೈಸ್ಟ್‌ಚರ್ಚ್‌ನ ನ್ಯೂ ಬ್ರೈಟನ್‌ವರೆಗೆ ಒಟ್ಟು 243 ಕಿ.ಮೀ. ರಾಬಿನ್ ಜಡ್ಕಿನ್ಸ್ ಎಂಬವರು 1983ರಲ್ಲಿ ಶುರು ಮಾಡಿದ್ದು. ಓಟ, ಸೈಕಲ್, ಗೋಟ್ ಪಾಸ್ ಎಂಬ ಕಣಿವೆ ದಾಟುವ 30 ಕಿ.ಮೀ.ಗೂ ಜಾಸ್ತಿಯ ಬೆಟ್ಟದ ಓಟ, ಮತ್ತೆ ಸೈಕಲ್, ಆಮೇಲೆ ವೈಮಕರಿರಿ ನದಿಯಲ್ಲಿ ಸುಮಾರು 70 ಕಿ.ಮೀ. ಕಯಾಕ್, ಕೊನೆಗೆ ಮತ್ತೆ 70 ಕಿ.ಮೀ. ಸೈಕಲ್. ಎರಡು ದಿನದ ವಿಭಾಗದಲ್ಲಿ ಬೆಟ್ಟದ ಓಟ ಮೊದಲ ದಿನವೇ ಮುಗಿಯುತ್ತದೆ. ಎರಡನೇ ದಿನ ಬೆಳಿಗ್ಗೆ 15 ಕಿ.ಮೀ. ಸೈಕಲ್ ತುಳಿದು ಮೌಂಟ್ ವೈಟ್ ಸೇತುವೆಯ ಹತ್ತಿರ ನೀರಿಗೆ ಇಳಿಯುತ್ತೀರಿ. ಸಾಮಾನ್ಯ ಸ್ಪರ್ಧಿಗೆ ಅಲ್ಲಿಂದ ಐದಾರು ಗಂಟೆ ಬೋಟ್‌ನಲ್ಲೇ ವಾಸ.

ನಿಮ್ಮ ಹಾಗೆ ಓಟ, ಸೈಕಲ್ ಚೆನ್ನಾಗಿ ಬರುವವರು ಕಯಾಕ್ ಕಲಿಯಲು ಪ್ರತಿ ವರ್ಷ ನನ್ನ ಹತ್ತಿರ ಬರುತ್ತಾರೆ. ಎಲ್ಲರದ್ದೂ ಒಂದೇ ಲೆಕ್ಕ: ‘ಫಿಟ್‌ನೆಸ್ ಇದೆ, ಕಯಾಕ್ ಒಂದು ಕಲಿತರೆ ಆಯ್ತು.’ ಕಷ್ಟ ಎಲ್ಲಿ ಅಂದರೆ, ಓಡುವಾಗ ಸುಸ್ತಾದರೆ ನಡೆಯಬಹುದು. ಸೈಕಲ್‌ನಲ್ಲಿ ಸುಸ್ತಾದರೆ ಕಾಲು ಊರಬಹುದು. ನದಿಯ ಮೇಲೆ ನೀವು ನಿಂತರೂ ನೀರು ನಿಲ್ಲುವುದಿಲ್ಲ. ನಾಲ್ಕನೇ ಗಂಟೆಯಲ್ಲಿ, ಸೊಂಟ ಕಲ್ಲಾಗಿ, ಕೈ ಸೋತು, ಬುದ್ಧಿಯೂ ಮಂಕಾಗಿರುವಾಗ ಬೋಟ್ ನಿಮ್ಮ ಮಾತು ಕೇಳಬೇಕು. ಆ ಸುಸ್ತಾದ ಮನುಷ್ಯನಿಗೆ ಹೊಂದುವ ಬೋಟ್ ಯಾವುದು, ಆ ಸುಸ್ತಾದ ಮನುಷ್ಯನಿಗೆ ಯಾವ ಚಲನೆ ಯೋಚನೆ ಇಲ್ಲದೆ ಬರಬೇಕು ಅನ್ನೋದಷ್ಟೇ ನಾವು ನೋಡಬೇಕಾದದ್ದು.

ಈಗ ಈಜಿನ ವಿಷಯ. ಲೈಫ್ ಜಾಕೆಟ್ ಇರುವಾಗ ಈಜು ಯಾಕೆ ಅಂತ ತುಂಬ ಜನ ಕೇಳುತ್ತಾರೆ. ಜಾಕೆಟ್ ತೇಲಿಸುತ್ತದೆ, ನಿಜ. ಆದರೆ ನೀರಿಗೆ ಬಿದ್ದಾಗ ಮೊದಲ ಏಟು ಬೀಳೋದು ಉಸಿರಿಗೆ. ವೈಮಕರಿರಿ ಹಿಮದ ಬೆಟ್ಟಗಳಿಂದ ಇಳಿಯುವ ನದಿ. ನಡು ಬೇಸಿಗೆಯಲ್ಲೂ ಅದರಲ್ಲಿ ಬಿದ್ದರೆ ಎದೆ ಒಮ್ಮೆಲೇ ಬಿಗಿದುಕೊಂಡು, ಬೇಡವೆಂದರೂ ಉಸಿರು ಜೋರಾಗಿ ಒಳಕ್ಕೆ ಎಳೆಯುತ್ತದೆ. ಆ ಹೊತ್ತಿಗೆ ಮುಖ ನೀರಿನೊಳಗಿದ್ದರೆ ಕೆಲಸ ಕೆಟ್ಟಿತು. ಒಂದು ನಿಮಿಷ ತಡೆದರೆ ಆ ಏದುಸಿರು ತಾನಾಗಿ ಇಳಿಯುತ್ತದೆ. ನೀರು ಅಂದರೆ ಗಾಬರಿ ಪಡುವವನು ಆ ಒಂದು ನಿಮಿಷದಲ್ಲೇ ಎಲ್ಲ ಶಕ್ತಿ ಕಳೆದುಕೊಳ್ಳುತ್ತಾನೆ, ಪ್ಯಾಡಲ್ ಬಿಡುತ್ತಾನೆ, ಬೋಟ್ ಬಿಡುತ್ತಾನೆ, ಎದ್ದು ನಿಲ್ಲಲು ಹೋಗುತ್ತಾನೆ. ಹರಿಯುವ ನೀರಿನಲ್ಲಿ ಎದ್ದು ನಿಲ್ಲುವುದು ದೊಡ್ಡ ತಪ್ಪು. ಕಾಲು ಎರಡು ಕಲ್ಲಿನ ನಡುವೆ ಸಿಕ್ಕರೆ ಹಿಂದಿನಿಂದ ನೀರು ನಿಮ್ಮನ್ನು ಮಡಚಿ ಹಾಕುತ್ತದೆ. ಆಳ ಮಂಡಿಯಷ್ಟೇ ಇದ್ದರೂ ಸಾಕು.

ಹಾಗಾಗಿ ನೀವು ಒಲಿಂಪಿಕ್ ಈಜುಗಾರ ಆಗಬೇಕಿಲ್ಲ. ನಿಲ್ಲದೆ 200 ಮೀಟರ್ ಈಜಿ, ಐದು ನಿಮಿಷ ಒಂದೇ ಜಾಗದಲ್ಲಿ ತೇಲಿ, ಮುಖದ ಮೇಲೆ ನೀರು ಬಿದ್ದರೂ ಮಾತಾಡುವಷ್ಟು ಸಮಾಧಾನ ಬಂದರೆ ನನಗೆ ಸಾಕು. ಈಗ ಜೂನ್, ಇಲ್ಲಿ ಚಳಿಗಾಲ. ಹೊರಗೆ ನೀರಿಗೆ ಇಳಿಯುವ ಅವಸರ ಬೇಡ. ಈ ಎರಡು ತಿಂಗಳು ವಾರಕ್ಕೆ ಎರಡು ಸಲ ಬಿಸಿನೀರಿನ ಕೊಳಕ್ಕೆ ಹೋಗಿ. ಓಟದ ಒಂದು ದಿನ ಕಡಿಮೆ ಮಾಡಿ ಹೋಗಿ. ಮ್ಯಾರಥಾನ್ ಓಡುವವರಿಗೆ ಇದು ಹೇಳಿದರೆ ಯಾಕೋ ಸಿಟ್ಟು ಬರುತ್ತದೆ.

ಸ್ಕರ್ಟ್ ಬಗ್ಗೆ ನಿಮ್ಮ ಭಯ ನಾಚಿಕೆ ಪಡುವಂಥದ್ದಲ್ಲ. ಹತ್ತರಲ್ಲಿ ಒಂಬತ್ತು ಜನಕ್ಕೆ ಇರುತ್ತದೆ, ಎಂಟು ಜನ ಹೇಳುವುದಿಲ್ಲ. ನಿಜ ಏನು ಅಂದರೆ, ಮಗುಚಿದ ಬೋಟ್‌ನಿಂದ ಹೊರಬರಲು ಕಲಿತವರಿಗೆ ಮೂರರಿಂದ ಐದು ಸೆಕೆಂಡ್ ಸಾಕು. ರೇಸ್ ಬೋಟ್‌ಗಳ ಕುಳಿತುಕೊಳ್ಳುವ ತೂತು ದೊಡ್ಡದು, ಕಾಲು ಎಲ್ಲೂ ಬಿಗಿಯಾಗಿ ಸಿಕ್ಕಿರುವುದಿಲ್ಲ. ಎಷ್ಟೋ ಜನ ಬೇಡ ಅಂದರೂ ಹೊರಗೆ ಬಿದ್ದುಬಿಡುತ್ತಾರೆ. ಸ್ಕರ್ಟ್‌ನ ಮುಂದಿನ ತುದಿಯಲ್ಲಿ ಒಂದು ಕುಣಿಕೆ ಪಟ್ಟಿ ಇರುತ್ತದೆ. ತಲೆಕೆಳಗಾದಾಗ ಮುಂದಕ್ಕೆ ಬಾಗಿ, ಆ ಪಟ್ಟಿ ಹಿಡಿದು, ಮೊದಲು ಮುಂದಕ್ಕೆ ತಳ್ಳಿ, ಆಮೇಲೆ ಮೇಲಕ್ಕೆ ಎಳೆಯಬೇಕು. ಬರೀ ಮೇಲಕ್ಕೆ ಎಳೆದರೆ ಅಂಚು ಬಿಡುವುದಿಲ್ಲ, ಅಲ್ಲೇ ಗಾಬರಿ ಶುರು. ಬಿಟ್ಟ ಮೇಲೆ ಎರಡೂ ಕೈ ಸೊಂಟದ ಪಕ್ಕ ಊರಿ, ಟೈಟ್ ಪ್ಯಾಂಟ್ ಕಳಚುವ ಹಾಗೆ ಬೋಟನ್ನು ಕಾಲಿನಿಂದ ಕಳಚಿ ತಳ್ಳುವುದು. ಅಷ್ಟೇ.

ನಾನು ಕಲಿಸುವ ರೀತಿ ಹೀಗೆ. ಕೊಳದಲ್ಲಿ, ಎದೆಮಟ್ಟದ ನೀರಿನಲ್ಲಿ, ಪಕ್ಕದಲ್ಲಿ ನಾನು ನಿಂತಿರುತ್ತೇನೆ. ಮೊದಲು ಸ್ಕರ್ಟ್ ಇಲ್ಲದೆ ಮಗುಚಿ ಹೊರಬನ್ನಿ. ಆಮೇಲೆ ಸ್ಕರ್ಟ್ ಹಾಕಿ. ಮೂರನೇ ಸಲ, ತಲೆಕೆಳಗಾದ ಮೇಲೆ ತಕ್ಷಣ ಪಟ್ಟಿ ಹುಡುಕಬೇಡಿ, ಕೈ ಎರಡೂ ಹೊರಗೆ ಚಾಚಿ ಬೋಟ್‌ನ ತಳವನ್ನು ಮೂರು ಸಲ ಬಡಿಯಿರಿ. ಟಪ್, ಟಪ್, ಟಪ್. ಆ ಬಡಿತ ಅವಸರದ್ದೋ ನಿಧಾನದ್ದೋ ಅಂತ ಕೇಳಿದರೆ ಸಾಕು, ಭಯ ಎಷ್ಟು ಉಳಿದಿದೆ ಅಂತ ನನಗೆ ಮೇಲೆ ನಿಂತೇ ಗೊತ್ತಾಗುತ್ತದೆ. ಒಂದು ಸಂಜೆಯಲ್ಲಿ ಹದಿನೈದು ಸಲ ಮಾಡಿದವರಿಗೆ ಈ ಭಯ ಬಹುತೇಕ ಹೋಗಿಬಿಡುತ್ತದೆ. ಯೂಟ್ಯೂಬ್ ನೋಡಿದರೆ ಹೋಗುವುದಿಲ್ಲ, ಜಾಸ್ತಿ ಆಗುತ್ತದೆ.

ಇಲ್ಲಿ ನಿಜವಾದ ಅಪಾಯ ಒಂದಿದೆ, ಅದು ನನಗೇ ಆಗಿದ್ದು. ಕಲಿಯುತ್ತಿದ್ದ ಕಾಲದಲ್ಲಿ ಒಂದು ದಿನ ಅವಸರದಲ್ಲಿ ಸ್ಕರ್ಟ್ ಹಾಕುವಾಗ ಆ ಪಟ್ಟಿ ಒಳಗಡೆ ಮಡಚಿ ಹೋಗಿತ್ತು. ನೋಡಿರಲಿಲ್ಲ. ಮಗುಚಿದಾಗ ಕೈ ಹಾಕಿದರೆ ಪಟ್ಟಿಯೇ ಇಲ್ಲ! ಎರಡು ಮೂರು ಸಲ ತಡಕಾಡಿದೆ. ಕೊನೆಗೆ ಸೊಂಟದ ಪಕ್ಕದ ಅಂಚನ್ನು ಮುಷ್ಟಿಯಲ್ಲಿ ಹಿಂಡಿ ಎಳೆದಾಗ ಬಿಟ್ಟಿತು. ಅವತ್ತಿನಿಂದ ಸ್ಕರ್ಟ್ ಹಾಕಿದ ತಕ್ಷಣ ಪಟ್ಟಿಯನ್ನು ಒಮ್ಮೆ ಕೈಯಲ್ಲಿ ಮುಟ್ಟಿ, ಪಕ್ಕದವರಿಗೆ ತೋರಿಸಿಯೇ ದಡ ಬಿಡುವುದು. ನೀವೂ ಹಾಗೇ ಮಾಡಿ. ಪಕ್ಕದ ಅಂಚಿನಿಂದ ಬಿಡಿಸುವುದನ್ನೂ ಕೊಳದಲ್ಲೇ ಕಲಿತುಕೊಳ್ಳಿ.

ರೋಲ್ ಬರಲೇಬೇಕು ಅನ್ನೋದು ಅರ್ಧ ಸತ್ಯ. ರೋಲ್ ಅಂದರೆ ಮಗುಚಿದ ಬೋಟನ್ನು ಒಳಗೇ ಕೂತು, ಪ್ಯಾಡಲ್ ಬೀಸಿ, ಸೊಂಟ ತಿರುಗಿಸಿ ಮತ್ತೆ ಎಬ್ಬಿಸುವುದು. ದೊಡ್ಡ ಅಲೆಯ ನದಿಗಳಿಗೆ ಇಳಿಯುವ ಚಿಕ್ಕ ಬೋಟ್‌ನವರಿಗೆ ಅದು ಪ್ರಾಣ. ನದಿಯ ರಭಸವನ್ನು 1ರಿಂದ 6ರವರೆಗೆ ಗ್ರೇಡ್ ಮಾಡುತ್ತಾರೆ, ವೈಮಕರಿರಿ ಕಮರಿ ಸಾಮಾನ್ಯ ಹರಿವಿನಲ್ಲಿ ಗ್ರೇಡ್ 2. ಉದ್ದನೆಯ ರೇಸ್ ಬೋಟ್‌ನಲ್ಲಿ ತೊಡೆ ಒತ್ತಿ ಹಿಡಿಯಲು ಆಸರೆ ಕಡಿಮೆ, ಹಾಗಾಗಿ ಅದರಲ್ಲಿ ರೋಲ್ ಕಷ್ಟ. ಕೊಳದಲ್ಲಿ ಹತ್ತಕ್ಕೆ ಒಂಬತ್ತು ಸಲ ರೋಲ್ ಆಗುವವರೂ ನದಿಯಲ್ಲಿ ಬಿದ್ದಾಗ ಹೊರಗೇ ಬರುತ್ತಾರೆ. ನಿಮಗಿರುವ ಎಂಟು ತಿಂಗಳಲ್ಲಿ ಎರಡು ತಿಂಗಳು ರೋಲ್‌ಗೆ ಕೊಡುವ ಬದಲು ಬೀಳದೆ ಇರುವುದನ್ನು, ಬಿದ್ದರೆ ಬೋಟ್ ಸಮೇತ ದಡ ಸೇರುವುದನ್ನು ಕಲಿಯಿರಿ ಅನ್ನುತ್ತೇನೆ ನಾನು. ಬೇರೆ ತರಬೇತುದಾರರು ಒಪ್ಪದೇ ಇರಬಹುದು.

ಇನ್ನು ಗೆಳೆಯನ ಬೋಟ್. ದಯವಿಟ್ಟು ತಗೋಬೇಡಿ.

ಕಾರಣ ಹೇಳುತ್ತೇನೆ. ನೀರಿಗೆ ತಾಗುವ ಉದ್ದ ಜಾಸ್ತಿ ಇದ್ದಷ್ಟೂ ಬೋಟ್‌ನ ವೇಗದ ಮಿತಿ ಜಾಸ್ತಿ. ಆ ಮಿತಿ ಮುಟ್ಟಿದರೆ ಬೋಟ್ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುತ್ತದೆ, ಎಷ್ಟು ಹುಟ್ಟು ಹಾಕಿದರೂ ಮುಂದೆ ಹೋಗುವುದು ಅಷ್ಟಕ್ಕಷ್ಟೇ. ಲೆಕ್ಕದ ಪ್ರಕಾರ ನಿಂತ ನೀರಿನಲ್ಲಿ 4 ಮೀಟರ್ ಬೋಟಿಗೆ ಇದು ಗಂಟೆಗೆ ಸುಮಾರು 9 ಕಿ.ಮೀ., 6 ಮೀಟರ್ ಬೋಟಿಗೆ ಸುಮಾರು 11 ಕಿ.ಮೀ. ಹೊಸಬರು ಗಂಟೆಗಟ್ಟಲೆ ಹಿಡಿದಿಡಬಲ್ಲ ವೇಗ ಏಳೋ ಎಂಟೋ. ಅಂದರೆ ನೀವು ಯಾವತ್ತೂ ಮುಟ್ಟದ ಮಿತಿಗಾಗಿ, ಅಗಲ ಕಡಿಮೆ ಮಾಡಿಕೊಂಡು, ಸ್ಥಿರತೆಯನ್ನು ಕೊಟ್ಟುಬಿಡುತ್ತಿದ್ದೀರಿ. ತೀರಾ ಕಿರಿದಾದ ರೇಸ್ ಬೋಟ್ 45 ಸೆಂ.ಮೀ. ಆಸುಪಾಸು ಅಗಲ ಇರುತ್ತದೆ, ನಿಮ್ಮ ಸೊಂಟಕ್ಕಿಂತ ಸ್ವಲ್ಪವೇ ಜಾಸ್ತಿ. ಅದರಲ್ಲಿ ಹೊಸಬರು ಮುಂದಕ್ಕೆ ಹೋಗಲು ಹುಟ್ಟು ಹಾಕುವುದಿಲ್ಲ, ಬೀಳದೆ ಇರಲು ಹಾಕುತ್ತಾರೆ. ಪ್ರತಿ ಏಟಿನ ಅರ್ಧ ಬಲ ಅಲ್ಲೇ ಹೋಯಿತು.

ಬಿದ್ದರೆ ಏನಾಗುತ್ತದೆ ನೋಡಿ. ಬೋಟ್‌ಗೆ ನೀರು ತುಂಬುತ್ತದೆ. ನೂರು ಲೀಟರ್ ಅಂದರೆ ನೂರು ಕೆ.ಜಿ. ಅದನ್ನು ದಡಕ್ಕೆ ಎಳೆದು, ಒಬ್ಬರೇ ಮಗುಚಿ ನೀರು ಚೆಲ್ಲಿ, ನಡುಗುವ ಕೈಯಲ್ಲಿ ಸ್ಕರ್ಟ್ ಹಾಕಿ ಮತ್ತೆ ಹೊರಡುವ ಹೊತ್ತಿಗೆ ಹತ್ತು ಹದಿನೈದು ನಿಮಿಷ ಹೋಯಿತು. ಎರಡು ಸಲ ಬಿದ್ದರೆ ವೇಗದ ಬೋಟ್ ಕೊಟ್ಟ ಲಾಭ ಎಲ್ಲ ನೀರುಪಾಲು. ಅದಕ್ಕಿಂತ ಮುಖ್ಯ, ಒಮ್ಮೆ ಬಿದ್ದವರು ಆಮೇಲಿನ ಎರಡು ಗಂಟೆ ಮೈ ಬಿಗಿಹಿಡಿದು ಕೂರುತ್ತಾರೆ. ಬಿಗಿದ ಮೈ ಮತ್ತೆ ಬೀಳುತ್ತದೆ. ‘ನಾಲ್ಕು ಸಲ ಬಿದ್ದರೆ ರೂಢಿ ಆಗುತ್ತೆ’ ಅನ್ನುವುದು ಕೆಲವರಿಗೆ ನಿಜ. ಹೆಚ್ಚಿನವರಿಗೆ ರೂಢಿ ಆಗುವುದು ಹೆದರಿಕೆ.

ನಾನು ಹೊನ್ನಾವರದ ಕಡೆಯವನು. ಪಾತಿ ದೋಣಿಯಲ್ಲಿ ಶರಾವತಿ ದಾಟಿ ಬೆಳೆದವನು. ನೀರು ನನಗೇನು ಹೊಸದು ಅನ್ನುವ ಜಂಬದಲ್ಲಿ ಮೊದಲ ಸಲ ಇಲ್ಲಿ ಒಂದು ರೇಸ್ ಬೋಟ್ ಹತ್ತಿದೆ. ಒಂದು ನಿಮಿಷವೂ ಕೂರಲಿಲ್ಲ. ದಡದಲ್ಲಿದ್ದ ಶಾಲೆ ಹುಡುಗಿಯೊಬ್ಬಳು ಬಂದು ನನ್ನ ಬೋಟ್ ಹಿಡಿದುಕೊಟ್ಟಳು.

ಬೋಟ್ ಆರಿಸಲು ನನ್ನ ಪರೀಕ್ಷೆ ಸುಲಭ. ನಿಂತ ನೀರಿನಲ್ಲಿ ಕೂತು, ಪ್ಯಾಡಲ್ ತೊಡೆಯ ಮೇಲೆ ಅಡ್ಡ ಇಟ್ಟು, ಎರಡೂ ಕೈಯಲ್ಲಿ ಬಾಳೆಹಣ್ಣು ಸುಲಿದು ತಿನ್ನಿ. ಎಡಕ್ಕೂ ಬಲಕ್ಕೂ ತಿರುಗಿ ಬೋಟ್‌ನ ಹಿಂದಿನ ತುದಿ ನೋಡಿ. ಹಣ್ಣು ಕೈಯಲ್ಲೇ ಉಳಿದು ಮೈ ನಡುಗಿದರೆ ಆ ಬೋಟ್ ನಿಮಗೆ ಈ ವರ್ಷಕ್ಕಲ್ಲ. ಅಗಲ 55 ಸೆಂ.ಮೀ. ಹತ್ತಿರ ಇರುವ, ಹೊಸಬರಿಗೇ ಅಂತ ಮಾಡಿದ ರೇಸ್ ಬೋಟ್‌ಗಳು ಸಿಗುತ್ತವೆ. ಮೊದಲು ಬಾಡಿಗೆಗೆ ತಗೊಂಡು ಮೂರು ನಾಲ್ಕು ಮಾದರಿ ನೋಡಿ. ಪ್ಲಾಸ್ಟಿಕ್ ಬೋಟ್ ಭಾರ, ಆದರೆ ಕಲ್ಲಿಗೆ ಉಜ್ಜಿದರೆ ಏನೂ ಆಗುವುದಿಲ್ಲ. ಫೈಬರ್ ಬೋಟ್ ಹಗುರ, ಕಲ್ಲಿಗೆ ಸಿಕ್ಕರೆ ಬಿರುಕು. ಫೈಬರ್ ತಗೊಂಡರೆ ಅಗಲವಾದ ಅಂಟು ಟೇಪ್ ಒಂದು ಸುರುಳಿ ಯಾವಾಗಲೂ ಜೊತೆಗಿರಲಿ. ಒಳಗೆ ಹಿಂದೆ ಮುಂದೆ ಗಾಳಿ ಚೀಲ ತುಂಬಿಸಿ, ನೀರು ತುಂಬುವ ಜಾಗ ಕಡಿಮೆಯಾಗುತ್ತದೆ.

ಈಗ ಕಲಿಯಬೇಕಾದ ಮುಖ್ಯ ಸಂಗತಿಗೆ ಬರೋಣ. ಹುಟ್ಟು ಹಾಕುವುದು ತೋಳಿನ ಕೆಲಸ ಅಂದುಕೊಂಡು ಜಿಮ್‌ಗೆ ಹೋಗಿ ತೋಳು ಬೆಳೆಸಬೇಡಿ. ಮನೆಯಲ್ಲಿ ಅಜ್ಜಿ ಕಂಬಕ್ಕೆ ಕಟ್ಟಿದ ಕಡಗೋಲಿನಲ್ಲಿ ಮಜ್ಜಿಗೆ ಕಡೆಯುವುದನ್ನು ನೋಡಿದ್ದೀರಾ? ಒಂದು ಕೈ ಹಗ್ಗ ಎಳೆಯುತ್ತದೆ, ಇನ್ನೊಂದು ಮುಂದೆ ಹೋಗುತ್ತದೆ, ಆದರೆ ಕೆಲಸ ಮಾಡುವುದು ಸೊಂಟದ ಮೇಲಿನ ಮೈ. ಬರೀ ತೋಳಿನಲ್ಲಿ ಕಡೆದರೆ ಹತ್ತು ನಿಮಿಷಕ್ಕೆ ಕೈ ಬಿದ್ದುಹೋಗುತ್ತದೆ. ಕಯಾಕ್ ಕೂಡ ಹಾಗೇ. ಬಲಗಡೆ ಪ್ಯಾಡಲ್ ಇಳಿಸುವಾಗ ಬಲ ಭುಜ ಮುಂದೆ, ನೀರು ಎಳೆಯುವಾಗ ಬಲಗಾಲಿನಿಂದ ಬೋಟ್‌ನೊಳಗೆ ಪಾದ ಊರುವ ಪಟ್ಟಿಯನ್ನು ಒತ್ತಿ ಇಡೀ ಮೈ ತಿರುಗಿಸುವುದು. ಮಂಡಿ ಸ್ವಲ್ಪ ಮಡಚಿ ನೆಲದ ಮೇಲೆ ಕೂತು, ಪೊರಕೆ ಕೋಲು ಹಿಡಿದು ಕನ್ನಡಿ ಮುಂದೆ ಮಾಡಿ ನೋಡಿ. ಮರುದಿನ ತೋಳು ನೋಯ್ದರೆ ತಪ್ಪು ಮಾಡಿದ್ದೀರಿ. ಪಕ್ಕೆ ನೋಯ್ದರೆ ಸರಿ.

ನಿಂತ ನೀರಿನ ಅಭ್ಯಾಸಕ್ಕೆ ಕ್ರೈಸ್ಟ್‌ಚರ್ಚ್‌ನಲ್ಲಿ ಏವನ್ ನದಿಯ ಕೆರ್ಸ್ ರೀಚ್ ಇದೆ. ನೇರ, ಶಾಂತ ನೀರು. ಅರಾವಾ ಕನೂ ಕ್ಲಬ್ ಇರುವುದೂ ಅಲ್ಲೇ. ಆಗಸ್ಟ್, ಸೆಪ್ಟೆಂಬರ್ ಅಲ್ಲಿ ಕಳೆಯಿರಿ. ಕ್ಲಬ್ ಸೇರುವುದರ ದೊಡ್ಡ ಲಾಭ ಜೊತೆ ಸಿಗುವುದು. ನದಿಗೆ ಒಬ್ಬರೇ ಹೋಗಬಾರದು, ಇದರಲ್ಲಿ ಚರ್ಚೆಯೇ ಇಲ್ಲ.

ಹರಿಯುವ ನೀರು ಬೇರೆಯೇ ಪಾಠ. ನೀವು ಸೈಕಲ್ ಹೊಡೆಯುವವರು, ಅದು ಇಲ್ಲಿ ಕೈಹಿಡಿಯುತ್ತದೆ. ಬಂಡೆಯ ಹಿಂದೆ ಅಥವಾ ದಡದ ತಿರುವಿನ ಹಿಂದೆ ನೀರು ಸುತ್ತಿ ಮೇಲ್ಮುಖವಾಗಿ ಬರುತ್ತದಲ್ಲ, ಅದನ್ನು ಎಡ್ಡಿ ಅನ್ನುತ್ತೇವೆ. ನದಿಯಲ್ಲಿ ವಿಶ್ರಾಂತಿಯ ಜಾಗ ಅದೇ. ಅದರ ಅಂಚಿನಲ್ಲಿ ಎರಡು ಕಡೆಯ ನೀರು ಎದುರುಬದುರು ಹರಿಯುತ್ತದೆ, ಹೊಸಬರು ಬೀಳುವುದು ಆ ಗೆರೆಯ ಮೇಲೆಯೇ. ಯಾಕೆ ಅಂದರೆ, ಬೋಟ್‌ನ ಮೂತಿ ಗೆರೆ ದಾಟಿದ ಕೂಡಲೇ ಹೊಸ ನೀರು ಪಕ್ಕದಿಂದ ಬಂದು ಅಂಚನ್ನು ಕೆಳಕ್ಕೆ ಒತ್ತುತ್ತದೆ. ಬರುವ ನೀರಿಗೆ ಆ ಅಂಚು ಎತ್ತಿ ತೋರಿಸಬೇಕು, ಅಂದರೆ ತಿರುವಿನ ಒಳಗಡೆಗೆ ವಾಲಬೇಕು. ಸೈಕಲ್‌ನಲ್ಲಿ ತಿರುವು ತಗೊಳ್ಳುವಾಗ ಒಳಗಡೆಗೆ ವಾಲುತ್ತೀರಲ್ಲ, ಹಾಗೇ. ಎಡ್ಡಿಗೆ ಒಳಹೋಗುವಾಗಲೂ ಅಷ್ಟೇ, ಹೊರಬರುವಾಗಲೂ ಅಷ್ಟೇ. ಈ ಒಂದು ಹೋಲಿಕೆ ಹಿಡಿದುಕೊಂಡು ಕಲಿತ ಸೈಕಲ್‌ನವರು ಬೇಗ ಕಲಿಯುತ್ತಾರೆ.

ಸೈಕಲ್‌ನಲ್ಲಿ ಇಲ್ಲದ್ದು ಒಂದಿದೆ, ಬಂಡೆಗೋಡೆ. ವೈಮಕರಿರಿಯ ಮೇಲ್ಭಾಗ ಹತ್ತಾರು ಕವಲಾಗಿ ಜಲ್ಲಿಕಲ್ಲಿನ ಮೇಲೆ ಹರಡಿಕೊಂಡು ಹರಿಯುತ್ತದೆ. ಆಮೇಲೆ ಕಮರಿ. ಅಲ್ಲಿ ನದಿ ತಿರುಗುವ ಕಡೆಯೆಲ್ಲ ನೀರು ನೇರ ಬಂಡೆಗೋಡೆಗೆ ಹೋಗಿ ಬಡಿಯುತ್ತದೆ. ಬೋಟೂ ಅತ್ತಲೇ ಹೋಗುತ್ತದೆ. ಗೋಡೆ ಹತ್ತಿರ ಬಂದ ಹಾಗೆ ಮೈ ತಾನಾಗಿ ಗೋಡೆಯಿಂದ ದೂರ ವಾಲುತ್ತದೆ. ಯಾರಿಗಾದರೂ ಹಾಗೇ ಆಗುತ್ತದೆ. ವಾಲಿದ ತಕ್ಷಣ ಮೇಲಿನಿಂದ ಬರುವ ನೀರು ಆ ಅಂಚಿನ ಮೇಲೆ ಹತ್ತಿ ಬೋಟನ್ನು ಮಗುಚುತ್ತದೆ. ಮಾಡಬೇಕಾದ್ದು ಉಲ್ಟಾ, ಬಂಡೆಯ ಕಡೆಗೇ ವಾಲಬೇಕು, ಬೇಕಾದರೆ ಕೈಯಲ್ಲಿ ತಬ್ಬಿಕೊಳ್ಳಬೇಕು. ಬಂಡೆಗೆ ಬಡಿದು ವಾಪಸ್ ಬರುವ ನೀರು ದಿಂಬಿನ ಹಾಗೆ ನಿಮ್ಮನ್ನು ಹಿಡಿಯುತ್ತದೆ. ಇದನ್ನು ಓದಿದರೆ ಯಾರಿಗೂ ಅರ್ಥವಾಗುತ್ತದೆ. ಮೈಗೆ ಅರ್ಥವಾಗಲು ಇಪ್ಪತ್ತು ಮೂವತ್ತು ಸಲ ಬೇಕು. ನಿಮ್ಮ ಎಂಟು ತಿಂಗಳು ಖರ್ಚಾಗಬೇಕಾದದ್ದು ಇದಕ್ಕೆ.

ಅದಕ್ಕಿಂತ ಒಳ್ಳೆಯದು ಗೋಡೆಯ ತನಕ ಹೋಗದೇ ಇರುವುದು. ತಿರುವು ಕಂಡ ಕೂಡಲೇ ಮೂತಿಯನ್ನು ಒಳದಡದ ಕಡೆ ತಿರುಗಿಸಿ ಜೋರಾಗಿ ಹುಟ್ಟು ಹಾಕಿ. ಕಾಲಿನಲ್ಲಿ ತುಳಿಯುವ ಚುಕ್ಕಾಣಿ ಇದೆ, ತಿರುಗುತ್ತೆ ಬಿಡು ಅಂತ ಸುಮ್ನೆ ಕೂತವರೇ ಗೋಡೆಗೆ ಹೋಗುವುದು. ಕವಲುಗಳಲ್ಲಿ ನೀರು ಜಾಸ್ತಿ ಹೋಗುವ ಕವಲನ್ನೇ ಹಿಡಿಯಿರಿ. ನೀರಿನ ಮೇಲೆ ಕೆಳಮುಖವಾಗಿ ಕೂಡುವ ನುಣುಪಾದ ನಾಲಿಗೆ ಕಂಡರೆ ಅದು ದಾರಿ, ಚೂಪು ನಿಮ್ಮ ಕಡೆ ಇದ್ದು ಕೆಳಕ್ಕೆ ಅಗಲವಾಗುತ್ತಾ ಹೋದರೆ ಅಲ್ಲಿ ಕಲ್ಲಿದೆ. ನೀರಿಗೆ ಬಿದ್ದ ವಿಲೋ ಮರ ಕಂಡರೆ ಬಹಳ ದೂರದಿಂದಲೇ ತಪ್ಪಿಸಿ. ಕೊಂಬೆಗಳ ನಡುವೆ ನೀರು ಜರಡಿಯಂತೆ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ.

ನದಿಯ ಮಟ್ಟ ನೋಡದೆ ಹೊರಡಬೇಡಿ. ಇಲ್ಲಿ ಹರಿವನ್ನು ಕ್ಯುಮೆಕ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಅಂತ ಹೇಳುತ್ತಾರೆ, ಎನ್ವಿರಾನ್‌ಮೆಂಟ್ ಕ್ಯಾಂಟರ್‌ಬರಿ ಎಂಬ ಇಲ್ಲಿನ ಪ್ರಾದೇಶಿಕ ಮಂಡಳಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮೈಸೂರಿನವರಿಗೆ ಕ್ಯುಸೆಕ್ ಲೆಕ್ಕ ಬಾಯಿಪಾಠ ಇರುತ್ತದೆ, 1 ಕ್ಯುಮೆಕ್ ಅಂದರೆ ಸುಮಾರು 35 ಕ್ಯುಸೆಕ್. 100 ಕ್ಯುಮೆಕ್ಸ್ ಅಂದರೆ ಕೆಆರ್‌ಎಸ್‌ನಿಂದ 3,500 ಕ್ಯುಸೆಕ್ ಬಿಟ್ಟ ಹಾಗೆ. ಕೊಡಗಿನಲ್ಲಿ ಮಳೆ ಹೊಡೆದರೆ ಮೈಸೂರಿನಲ್ಲಿ ಬಿಸಿಲಿದ್ದರೂ ಕಾವೇರಿ ಏರುತ್ತದಲ್ಲ, ಇಲ್ಲೂ ಅದೇ. ವಾಯವ್ಯದ ಗಾಳಿ ಬೀಸಿದಾಗ ಕ್ರೈಸ್ಟ್‌ಚರ್ಚ್‌ನಲ್ಲಿ ಸೆಕೆ, ಬಿಸಿಲು. ಆದರೆ ಬೆಟ್ಟದ ನೆತ್ತಿಯಲ್ಲಿ ಜಡಿಮಳೆ. ಕೆಲವೇ ಗಂಟೆಯಲ್ಲಿ ನದಿ ಕದಡಿ ಉಕ್ಕುತ್ತದೆ. ವಸಂತದಲ್ಲಿ, ಅಂದರೆ ಅಕ್ಟೋಬರ್, ನವೆಂಬರ್‌ನಲ್ಲಿ, ಹೀಗೆ ಆಗುವುದು ಜಾಸ್ತಿ. ಎಷ್ಟೋ ಶನಿವಾರ ಬೋಟ್ ಕಾರಿನ ಮೇಲೆ ಕಟ್ಟಿ ಮತ್ತೆ ಬಿಚ್ಚಿದ್ದೇವೆ. ನಿಮ್ಮ ಎಂಟು ತಿಂಗಳಿನಿಂದ ಆ ದಿನಗಳನ್ನೂ ಕಳೆಯಿರಿ.

ಬಟ್ಟೆಯ ಬಗ್ಗೆ ಒಂದೇ ಮಾತು: ಹತ್ತಿ ಬನಿಯನ್ ಮನೆಯಲ್ಲಿರಲಿ. ಉಣ್ಣೆ ಅಥವಾ ಪಾಲಿಪ್ರೊಪಿಲೀನ್, ಮೇಲೆ ಗಾಳಿ ನೀರು ತಡೆಯುವ ಜಾಕೆಟ್, ಹೆಲ್ಮೆಟ್.

ದಸರಾ ರಜೆ ಬಗ್ಗೆ ಕೇಳಿದ್ದೀರಿ. ಸಾಗರ ತಾಲ್ಲೂಕಿನ ಹೊನ್ನೆಮರಡುವಿಗೆ ಹೋಗಿ. ಲಿಂಗನಮಕ್ಕಿ ಹಿನ್ನೀರು, ಮಳೆಗಾಲ ಚೆನ್ನಾಗಿ ಆಗಿದ್ದರೆ ಆ ಹೊತ್ತಿಗೆ ತುಂಬಿರುತ್ತದೆ. ಬೆಳಿಗ್ಗೆ ನೀರು ಕನ್ನಡಿ ಹಾಗಿರುತ್ತದೆ, ಮಧ್ಯಾಹ್ನ ಗಾಳಿ ಎದ್ದರೆ ಸಣ್ಣ ಅಲೆ, ಅದೂ ಒಳ್ಳೆಯ ಪಾಠ. ಅಲ್ಲಿ ಸಿಗುವ ಬೋಟ್ ನಿಮ್ಮ ರೇಸ್ ಬೋಟ್ ತರಹ ಇರುವುದಿಲ್ಲ, ಪರವಾಗಿಲ್ಲ. ಮೈ ತಿರುಗಿಸುವ ಅಭ್ಯಾಸಕ್ಕೆ ಯಾವುದಾದರೂ ಸರಿ. ದಿನಕ್ಕೆ ಎರಡು ಗಂಟೆಯಂತೆ ಒಂದು ವಾರ ಮಾಡಿದರೆ ಸಾಕಷ್ಟಾಯಿತು. ದಾಂಡೇಲಿ ಕಡೆ ಕಾಳಿ ನದಿಯ ರಭಸದಲ್ಲಿ ಕಯಾಕ್ ಹಾಕುವ ಯೋಚನೆ ಮಾತ್ರ ಬೇಡ. ಅಲ್ಲಿಯ ಹರಿವು ಅಣೆಕಟ್ಟೆಯಿಂದ ನೀರು ಬಿಡುವುದರ ಮೇಲೆ ನಿಂತಿದೆ. ಊರಿನವರಿಗೆ, ಅಲ್ಲಿಯ ಗೈಡ್‌ಗಳಿಗೆ ಅದು ಗೊತ್ತು, ನಿಮಗೆ ಗೊತ್ತಿಲ್ಲ. ರ‍್ಯಾಫ್ಟ್‌ನಲ್ಲಿ ಕೂತು ಹೋಗಿ, ನೀರು ಹೇಗೆ ತಿರುಗುತ್ತದೆ ಅಂತ ನೋಡಿಕೊಂಡು ಬನ್ನಿ. ಲೈಫ್ ಜಾಕೆಟ್ ಎಲ್ಲೇ ಕೊಟ್ಟರೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಬಂದರೆ ಬೇರೆ ಕೇಳಿ.

ಹಾಗಾದರೆ ಈ ಫೆಬ್ರವರಿಯೇ ಮಾಡಬಹುದಾ? ಮಾಡಬಹುದು. ಆದರೆ ಈಗಲೇ ತೀರ್ಮಾನ ಮಾಡಬೇಡಿ. ಸಂಘಟಕರು ಗ್ರೇಡ್ 2 ಕಯಾಕ್ ಸರ್ಟಿಫಿಕೇಟ್ ಕೇಳುತ್ತಾರೆ. ಅದು ಪಾಸಾದರೆ ‘ಈ ನದಿಗೆ ಇಳಿಯಲು ಅಡ್ಡಿಯಿಲ್ಲ’ ಅಂತ ಅರ್ಥ, ‘ಆರು ಗಂಟೆ ಕೂರಬಲ್ಲೆ’ ಅಂತಲ್ಲ. ಸರ್ಟಿಫಿಕೇಟ್ ಸಿಕ್ಕಿದ ಮರುವಾರವೇ ಜನ ಅಭ್ಯಾಸ ನಿಲ್ಲಿಸುವುದನ್ನು ನೋಡಿ ನೋಡಿ ಬೇಸರ ಬಂದಿದೆ. ಡಿಸೆಂಬರ್ ಮಧ್ಯದೊಳಗೆ ಬಲ್ಲವರ ಜೊತೆ ಕಮರಿಯನ್ನು ಒಮ್ಮೆ ಪೂರ್ತಿ ಇಳಿಯಿರಿ. ಬಿದ್ದರೂ ಪರವಾಗಿಲ್ಲ. ಬಿದ್ದ ಮೇಲೆ ಬೋಟ್, ಪ್ಯಾಡಲ್ ಎರಡನ್ನೂ ಹಿಡಿದು ನೀವೇ ದಡ ಸೇರಿದಿರಾ, ಮುಂದಿನ ತಿರುವಿನಲ್ಲಿ ಮೈ ಸಡಿಲವಾಗಿತ್ತಾ ಅನ್ನುವುದನ್ನು ನೋಡಿ. ಹೌದು ಅಂತಾದರೆ ಜನವರಿಯಲ್ಲಿ ಇನ್ನೆರಡು ಸಲ ಇಳಿದು ರೇಸಿಗೆ ಹೋಗಿ, ಸ್ಥಿರವಾದ ಬೋಟ್‌ನಲ್ಲೇ. ನಿಧಾನ ಆಗುತ್ತದೆ. ಸಮಯದ ಗಡುವು ಇರುವುದರಿಂದ ನೀರು ಕಡಿಮೆ ಇರುವ ವರ್ಷ ಸ್ವಲ್ಪ ಒದ್ದಾಟವೂ ಆಗಬಹುದು. ಆ ಅಪಾಯ ಒಪ್ಪಿಕೊಂಡೇ ಹೋಗಬೇಕು.

ಇಲ್ಲ ಅಂತಾದರೆ ಇಬ್ಬರ ತಂಡ ಅಂತ ಒಂದು ವಿಭಾಗ ಇದೆ. ಕಯಾಕ್ ಬರುವವರನ್ನು ಹುಡುಕಿ ನೀರನ್ನು ಅವರಿಗೆ ಬಿಟ್ಟು, ಬೆಟ್ಟದ ಓಟ ನೀವು ಮಾಡಿ. ನಿಮ್ಮ ಓಟ ನೋಡಿದರೆ ಜೊತೆಗಾರರು ಸುಲಭವಾಗಿ ಸಿಗುತ್ತಾರೆ. ರೇಸಿನ ದಿನ ಹೇಗಿರುತ್ತದೆ ಅಂತಲೂ ಗೊತ್ತಾಗುತ್ತದೆ, ಒಬ್ಬರೇ ಮಾಡುವ ಆಸೆಗೆ ಇನ್ನೊಂದು ವರ್ಷ ಸಿಗುತ್ತದೆ. ನನ್ನನ್ನು ಕೇಳಿದರೆ, ಎರಡು ಸುತ್ತಿಗೆ ಗೋಡೆ ಹಿಡಿಯುವವರಿಗೆ ಇದೇ ಸರಿ. ನೀವು ಒಪ್ಪುವುದಿಲ್ಲ ಅಂತ ಪತ್ರ ಓದಿದಾಗಲೇ ಅನ್ನಿಸಿತು. ಬೋಟ್ ಕೊಳ್ಳಲು ಕೂಡ ಕಾಯುವುದು ಲಾಭ. ರೇಸ್ ಮುಗಿದ ಮೇಲೆ ಮಾರ್ಚ್‌ನಲ್ಲಿ ‘ಇನ್ನು ಸಾಕಪ್ಪಾ’ ಅಂದವರ ಬೋಟ್‌ಗಳೆಲ್ಲ ಮಾರಾಟಕ್ಕೆ ಬರುತ್ತವೆ.

ಒಂದು ಮಾತು ಮರೆತೆ. ರೇಸಿಗೆ ಮುಂಚೆ ಕನಿಷ್ಠ ಎರಡು ಸಲ ನಾಲ್ಕು ಗಂಟೆ ಇಳಿಯದೆ ಬೋಟ್‌ನಲ್ಲಿ ಕೂರಿ. ಓಡುವವರ ತೊಡೆಯ ಹಿಂದಿನ ಸ್ನಾಯು ಬಿಗಿ. ಕಾಲು ಚಾಚಿ ಕೂತರೆ ಒಂದು ಗಂಟೆಗೆ ಪಾದ ಜೋಮು ಹಿಡಿಯುತ್ತದೆ. ಸೀಟಿನ ಮುಂದಿನ ಅಂಚಿಗೆ ಒಂದು ಸ್ಪಂಜಿನ ತುಂಡು ಅಂಟಿಸಿದರೆ ಎಷ್ಟೋ ಕಡಿಮೆಯಾಗುತ್ತದೆ. ಬೋಟ್ ಇಳಿದ ಮೇಲೆ ಕಾಲೇ ಇಲ್ಲದ ಹಾಗೆ ಆಗಿ, ಇಬ್ಬರು ಹಿಡಿದು ಎಬ್ಬಿಸಬೇಕಾಗುತ್ತದೆ, ಆಮೇಲೆ 70 ಕಿ.ಮೀ. ಸೈಕಲ್ ಬಾಕಿ ಇದೆ. ಕುಡಿಯುವ ನೀರಿಗೆ ಬಾಟಲಿ ಬೇಡ, ಎದೆಯ ಹತ್ತಿರ ನಳಿಕೆ ಬರುವ ಹಾಗೆ ಚೀಲ ಕಟ್ಟಿಕೊಳ್ಳಿ. ಪ್ಯಾಡಲ್ ಬಿಟ್ಟು ಬಾಟಲಿಗೆ ಕೈ ಹಾಕಿದಾಗಲೇ ಅಲೆ ಬರುವುದು.

ಕನ್ನಡಕ ಹಾಕಬಹುದು, ನಾನೂ ಹಾಕುತ್ತೇನೆ. ಹಿಂದೆ ಎಲಾಸ್ಟಿಕ್ ಪಟ್ಟಿ, ಆ ಪಟ್ಟಿಗೆ ಒಂದು ಚಿಕ್ಕ ತೇಲುವ ಸ್ಪಂಜು, ಹೆಲ್ಮೆಟ್ ಅದರ ಮೇಲೆ ಬರಲಿ. ಸ್ಪಂಜು ಕಟ್ಟಲು ಕಲಿಯುವ ಮೊದಲು ನನ್ನ ಎರಡು ಕನ್ನಡಕ ವೈಮಕರಿರಿಯ ತಳ ಸೇರಿವೆ. ಹಳೇ ನಂಬರಿನದ್ದು ಒಂದು ಕಾರಿನಲ್ಲಿ ಇಟ್ಟಿರಿ, ವಾಪಸ್ ಡ್ರೈವ್ ಮಾಡಬೇಕಲ್ಲ.